ಕೊನೆ ಕತ್ತರಿಸಿದರೆ ಶುರು ಯಾಕೆ ಬದಲಾಗುತ್ತದೆ?

ಲೆಕ್ಕಾಚಾರದ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್‌ನಲ್ಲಿದ್ದ ಹಳೆಯ ಕೋಡನ್ನು ಪೈಥಾನ್‌ನ ಲೈಬ್ರರಿ ನಮ್‌ಪೈಗೆ ಪೋರ್ಟ್ ಮಾಡಲು, ಅಂದರೆ ಬದಲಾಯಿಸಿ ಬರೆಯಲು, ನಮಗೆ ಸಿಕ್ಕಿದ್ದು ಒಂದೇ ಸ್ಪ್ರಿಂಟ್ (ಕೆಲಸದ ಒಂದು ಚಿಕ್ಕ ಅವಧಿ). ಅರೇ ಅಂದರೆ ಸಂಖ್ಯೆಗಳ ಸಾಲು; ಅದರ ಅಂಶಗಳ ಕ್ರಮಸಂಖ್ಯೆಯೇ ಇಂಡೆಕ್ಸ್. ಮ್ಯಾಟ್‌ಲ್ಯಾಬ್ ಅದನ್ನು 1ರಿಂದ ಎಣಿಸುತ್ತದೆ, ನಮ್‌ಪೈ ಸೊನ್ನೆಯಿಂದ. 'ಇಂಡೆಕ್ಸ್‌ನಲ್ಲಿ ಒಂದು ಕಳೆದರೆ ಆಯ್ತಲ್ವಾ' ಅನ್ನುವುದು ಮ್ಯಾನೇಜರ್ ಲೆಕ್ಕ. ಅಷ್ಟಕ್ಕೇ ಮುಗಿಯುವುದಿಲ್ಲ. ಮ್ಯಾಟ್‌ಲ್ಯಾಬ್‌ನ 2:5 (ಎರಡರಿಂದ ಐದನೆಯ ಅಂಶದವರೆಗೆ) ನಮ್‌ಪೈನಲ್ಲಿ 1:5 ಆಗುತ್ತದೆ. ಶುರುವಿನಲ್ಲಿ ಮಾತ್ರ ಒಂದು ಕಡಿಮೆ. ಕೊನೆಯ ಇಂಡೆಕ್ಸನ್ನು ನಮ್‌ಪೈ ಸೇರಿಸಿಕೊಳ್ಳುವುದೇ ಇಲ್ಲ, ಹಾಗಾಗಿ ಅದು ಹಾಗೇ ಇರುತ್ತದೆ. ಇದು ನಮಗೆ ಗೊತ್ತಿತ್ತು. ಕಾಡಿದ್ದು ಬೇರೆ.

ಬೇರಿಂಗ್ ವೈಬ್ರೇಶನ್ ಡೆಮೊ ಇತ್ತು. ಸೈನ್ ವೇವ್ ಟೆಸ್ಟ್‌ಗಳೆಲ್ಲ ಪಾಸ್. ಅಸಲಿ ರೆಕಾರ್ಡಿಂಗ್ ಹಾಕಿದರೆ ಪ್ಲಾಟ್‌ನ ಶುರುವಿನಲ್ಲೇ ದೊಡ್ಡ ಸ್ಪೈಕ್. ಕ್ಲೈಂಟ್ ಕಾಲ್‌ನಲ್ಲಿದ್ದಾರೆ, ನಮ್ಮವರೆಲ್ಲ ಮ್ಯೂಟ್. ಸಿಗ್ನಲ್ ಶೋಧಿಸುವ ಫಿಲ್ಟರ್ ಶುರುವಿನಲ್ಲಿ ಸೆಟಲ್ ಆಗುವಾಗ ಹೀಗಾಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಅದರ ಕೋಎಫಿಶಿಯೆಂಟ್‌ಗಳನ್ನು (ಗುಣಾಂಕಗಳನ್ನು) ಒಂದೊಂದಾಗಿ ಹೋಲಿಸುತ್ತಾ ಕೂತೆ. ಎಲ್ಲ ಸರಿಯಿದ್ದವು. ಆಮೇಲೆ ಸಂಖ್ಯೆಗಳ ಪ್ರಿಸಿಷನ್ (ನಿಖರತೆ) ಮೇಲೆ ಅನುಮಾನ ಬಂತು. ಅದೂ ಅಲ್ಲ. ಕಾಲ್‌ನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಅಷ್ಟರಲ್ಲಿ ಜೂನಿಯರ್ ಒಬ್ಬಳು ರೆಕಾರ್ಡಿಂಗ್‌ನ ಕೊನೆಯ ಭಾಗ ಕತ್ತರಿಸಿ ರನ್ ಮಾಡಿದಳು. ಸ್ಪೈಕ್‌ನ ಎತ್ತರ ಬದಲಾಯಿತು! "ಸರ್, ಕೊನೆ ಕತ್ತರಿಸಿದರೆ ಶುರು ಯಾಕೆ ಬದಲಾಗಬೇಕು?" ಅಂದಳು. ಆ ಒಂದು ಪ್ರಶ್ನೆಯಲ್ಲೇ ಉತ್ತರ ಇತ್ತು.

ತಪ್ಪಿದ್ದು ಒಂದು ಲೂಪ್‌ನಲ್ಲಿ. ಸಿಗ್ನಲ್‌ನ ಪ್ರತಿ ಸ್ಯಾಂಪಲ್‌ನಿಂದ (ಒಂದೊಂದು ಅಳತೆಯಿಂದ) ಲ್ಯಾಗ್‌ನಷ್ಟು, ಅಂದರೆ ನಿಗದಿತ ಸಂಖ್ಯೆಯಷ್ಟು, ಹಿಂದಿನ ಸ್ಯಾಂಪಲ್ ಕಳೆಯುವ ಲೂಪ್ ಅದು. ಮೂಲದಲ್ಲಿ ಲ್ಯಾಗ್ ದಾಟಿದ ಮೇಲೆ ಶುರುವಾಗುತ್ತಿತ್ತು, ಪೋರ್ಟ್‌ನಲ್ಲಿ ಸೊನ್ನೆಯಿಂದ. ಇಂಡೆಕ್ಸ್ ಮೈನಸ್‌ಗೆ ಇಳಿಯಿತು. ಮ್ಯಾಟ್‌ಲ್ಯಾಬ್ ಆಗಿದ್ದರೆ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತಿತ್ತು. ನಮ್‌ಪೈಗೆ ಮೈನಸ್ 1 ಅಂದರೆ ಅರೇಯ ಕೊನೆಯ ಅಂಶ, ಸುಮ್ನೆ ತೆಗೆದು ಕೊಟ್ಟುಬಿಡುತ್ತದೆ. ಟೆಸ್ಟ್‌ನ ಸೈನ್ ವೇವ್‌ನಲ್ಲಿ ಪೂರ್ತಿ ಸೈಕಲ್‌ಗಳೇ ಇದ್ದವು, ಅಂದರೆ ಕೊನೆ ಮುಗಿದಲ್ಲಿಂದಲೇ ಶುರು ಮುಂದುವರಿದಂತೆ. ಅದರ ಕೊನೆಯಿಂದ ಎತ್ತಿಕೊಂಡ ಸ್ಯಾಂಪಲ್ಲೂ ಸೂತ್ರದ ಉತ್ತರಕ್ಕೆ ಕರಾರುವಾಕ್ಕಾಗಿ ಹೊಂದಿತ್ತು!

ಎರರ್ ಬಾರದೆ ತಪ್ಪಾಗುವ ಜಾಗಗಳನ್ನೇ ಆಮೇಲೆ ಹುಡುಕಿದೆವು. ಕೊವೇರಿಯನ್ಸ್ ಮ್ಯಾಟ್ರಿಕ್ಸ್‌ನಲ್ಲಿ (ಅಳತೆಗಳು ಹೇಗೆ ಒಟ್ಟಿಗೆ ಬದಲಾಗುತ್ತವೆ ಎನ್ನುವ ಸಂಖ್ಯೆಗಳ ಕೋಷ್ಟಕ) ಇನ್ನೊಂದು ಸಿಕ್ಕಿತು. ಸಾಲಿಗೂ ಕಾಲಮ್‌ಗೂ ಒಂದೇ ಇಂಡೆಕ್ಸ್ ಪಟ್ಟಿ ಕೊಟ್ಟರೆ ಮ್ಯಾಟ್‌ಲ್ಯಾಬ್ ಆ ಸಾಲು-ಕಾಲಮ್‌ಗಳ ಇಡೀ ಸಬ್‌ಮ್ಯಾಟ್ರಿಕ್ಸ್ ಕೊಡುತ್ತದೆ. ನಮ್‌ಪೈ ಜೋಡಿ ಜೋಡಿಯಾಗಿ ಆರಿಸಿ ಡಯಾಗನಲ್ (ಕರ್ಣದ) ಅಂಶಗಳನ್ನಷ್ಟೇ ಕೊಡುತ್ತದೆ. ಅರೇಯ ಆಕಾರ ಬದಲಾಯಿಸುವ ರೀಶೇಪ್ ಕೂಡ ಹಾಗೆಯೇ: ಮ್ಯಾಟ್‌ಲ್ಯಾಬ್ ಕಾಲಮ್ ಪ್ರಕಾರ ತುಂಬುತ್ತದೆ, ನಮ್‌ಪೈ ನಾವೇನೂ ಹೇಳದಿದ್ದರೆ ಸಾಲಿನ ಪ್ರಕಾರ.

ಈಗ ಟೆಸ್ಟ್‌ಗೆ ಸೈನ್ ವೇವ್ ಒಂದನ್ನೇ ನಂಬುವುದಿಲ್ಲ. ಎಲ್ಲೂ ಮರುಕಳಿಸದ ಸಿಗ್ನಲ್ ಕೊಡುತ್ತೇವೆ. ಚೌಕ ಮ್ಯಾಟ್ರಿಕ್ಸ್ ಬದಲು 3×4, ಪ್ರತಿ ಅಂಶವೂ ಬೇರೆ ಬೇರೆ. ಮುಂದಿನ ಮಾಡ್ಯೂಲ್‌ಗೂ ಒಂದೇ ಸ್ಪ್ರಿಂಟ್ ಅಂದಿದ್ದಾರೆ. ಟೆಸ್ಟ್ ಡೇಟಾ ಮಾಡುವುದಕ್ಕೇ ಅಷ್ಟು ಸಮಯ ಬೇಕು ಎಂದು ಬರೆದು ಕಳಿಸಿದ್ದೇನೆ.