ಕಾಲುಸಂಕದಾಚೆಯ ಸೂಲಗಿತ್ತಿ

ಕಳಸಕ್ಕೆ ನಾನು ಹೊಸಬನಲ್ಲ. ಹೊರನಾಡಿನ ಊಟ, ಭದ್ರೆಯ ದಂಡೆ, ಸಂಸೆಯ ಚಹಾ ತೋಟ, ಇಷ್ಟು ನೋಡಿದರೆ ಆ ಸೀಮೆ ಮುಗಿಯಿತೆಂದು ತಿಳಿದಿದ್ದೆ. ಈ ಸಲ ಹೋದದ್ದು ದೊಡ್ಡಮ್ಮನ ಮಗಳ ಚೀಲ ಹೊರುವುದಕ್ಕೆ. ಇಪ್ಪತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದ ನರ್ಸ್ ಆಕೆ. ಕುದುರೆಮುಖದ ಕಾಡಂಚಿನ ಮಲೆಕುಡಿಯರ ಮನೆಗಳ ನಡುವೆ ಆಶಾ ಕಾರ್ಯಕರ್ತೆಯರಿಗೂ ಹಳೆಯ ಸೂಲಗಿತ್ತಿಯರಿಗೂ ಎರಡು ದಿನ ತರಬೇತಿ ಕೊಡಲು ಹೊರಟಿದ್ದಳು.

ಕೊಟ್ಟಿಗೆಹಾರದ ನೀರುದೋಸೆ ಎಂದಿನಂತೆ ಚೆನ್ನಾಗಿತ್ತು. ಕಳಸದಲ್ಲಿ ಹಿಡಿದ ಜೀಪಿನವನು ಮಾತ್ರ ಮನೆಬಾಗಿಲಿಗೇ ಬಿಡುತ್ತೇನೆಂದು ಹೇಳಿ, ಮಳೆಗೆ ದಾರಿ ಕುಸಿದಲ್ಲಿ ಇಳಿಸಿ, ಒಂದು ರೂಪಾಯಿಯನ್ನೂ ಬಿಡದೆ ಪೂರ್ತಿ ಬಾಡಿಗೆ ಎಣಿಸಿಕೊಂಡ. ಮಳೆಗಾಲದಲ್ಲಿ ಆ ಕಡೆ ಹೋಗುವವರು, ಗಾಡಿ ಎಲ್ಲಿಯವರೆಗೆ ಬರುತ್ತದೆಂಬುದನ್ನು ಹತ್ತುವ ಮೊದಲೇ ಗಟ್ಟಿಮಾಡಿಕೊಳ್ಳಬೇಕು. ಇಂಬಳಗಳಿಗೆ ಒಂದಿಷ್ಟು ಸುಣ್ಣವನ್ನೂ ಇಟ್ಟುಕೊಳ್ಳಬೇಕು. ನಾನು ಗೊಣಗುತ್ತಾ ಅಡಿಕೆಮರದ ಕಾಲುಸಂಕ ದಾಟುತ್ತಿದ್ದಾಗ ಅಕ್ಕ ಹೇಳಿದಳು: "ಬಸುರಿಯನ್ನೂ ಇಲ್ಲಿಯವರೆಗೆ ಹೊತ್ತೇ ತರಬೇಕಲ್ಲೋ." ಅಲ್ಲಿಗೆ ನನ್ನ ಗೊಣಗು ನಿಂತಿತು.

ಮೊದಲ ದಿನದ ಬೆಳಗು ಕೈ ತೊಳೆಯುವುದು, ಹೊಸ ಬ್ಲೇಡು, ಹೊಕ್ಕುಳಬಳ್ಳಿಗೆ ಶುಚಿಯಾದ ದಾರ, ಇವುಗಳಲ್ಲೇ ಕಳೆಯಿತು. ಹಳೆಯ ಕತ್ತಿಯೋ ಬಿದಿರ ಸಿಬಿರೋ ತಾಗಿದರೆ ಕೂಸಿಗೆ ಧನುರ್ವಾಯು ಬರಬಹುದೆಂಬುದನ್ನು ಎಲ್ಲರೂ ತಲೆಯಾಡಿಸಿ ಒಪ್ಪಿಕೊಂಡರು. ಮಧ್ಯಾಹ್ನ ಅಕ್ಕ ಬೀಟ್‌ರೂಟ್ ಬೇಯಿಸಿದ ಕೆಂಪು ನೀರನ್ನು ಅರ್ಧ ಲೀಟರು ಅಳೆದು, ಹಳೆಯ ಸೀರೆಯ ತುಂಡಿನ ಮೇಲೆ ಸುರಿದು, ಎಷ್ಟಿರಬಹುದೆಂದು ಕೇಳಿದಳು. (ಕುಂಕುಮ ಕದಡಲು ಹೊರಟಿದ್ದವಳನ್ನು ಹೆಂಗಸರು ತಡೆದಿದ್ದರು.) ಒಬ್ಬಳು ಒಂದು ಲೋಟವೆಂದಳು, ನಾನೂ ಅದನ್ನೇ ಅಂದುಕೊಂಡಿದ್ದೆ. ಹೆರಿಗೆಯ ನಂತರ 500 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದು ಅಪಾಯದ ಸೂಚನೆ. ನೋಡುವ ಕಣ್ಣು ಮಾತ್ರ ಸಾಮಾನ್ಯವಾಗಿ ಕಡಿಮೆಯೇ ಅಳೆಯುತ್ತದೆ.

ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಬಟ್ಟೆಯತ್ತ ನೋಡಲೇ ಇಲ್ಲ. ಎದ್ದು ಬಂದು, ಅದನ್ನು ಮುದ್ದೆಮಾಡಿ ಎತ್ತಿ, "ಎರಡು ಲೋಟದ ಮೇಲೇ ಉಂಟು" ಎಂದರು.

"ಹೇಗೆ ಗೊತ್ತಾಯ್ತು ಅಜ್ಜಿ?"

"ಚಿಮಣಿ ಬೆಳಕಲ್ಲಿ ನೆತ್ತರು ಕಪ್ಪಾಗಿ ಕಾಣ್ತದೆ ಮಗಾ. ಕಣ್ಣು ನಂಬಿದ್ರೆ ಕೆಟ್ಟೆವು. ಬಟ್ಟೆಯ ಭಾರ ಕೈಗೆ ಗೊತ್ತಾಗ್ತದೆ."

ಕಲಿಸಲು ಬಂದಿದ್ದ ಅಕ್ಕ ಪುಸ್ತಕ ತೆಗೆದು ಬರೆದುಕೊಂಡಳು. ಭಾರ ಗೊತ್ತಾದ ಮೇಲೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದಕ್ಕೆ ಅಜ್ಜಿ ಎಲೆಯಡಿಕೆಯ ಚೀಲ ಬಿಚ್ಚಿ ಮತ್ತೆ ಕಟ್ಟಿದರು. "ತಮ್ಮನ ಹೆಂಡತಿಯನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತೆವು. ಸಂಕ ದಾಟುವಾಗ ಅವಳ ಕಾಲು ತಣ್ಣಗಾಗಿತ್ತು."

ಅಲ್ಲಿಂದ ಮುಂದೆ ನಡೆದದ್ದು ಲೆಕ್ಕಾಚಾರ. ಮನೆಯಿಂದ ಸಂಕಕ್ಕೆ ಒಂದು ಗಂಟೆ, ಅಲ್ಲಿಂದ ಜೀಪು ನಿಲ್ಲುವಲ್ಲಿಗೆ ಅರ್ಧ ಗಂಟೆ. ವಿಪರೀತ ರಕ್ತ ಹೋಗುವ ಬಾಣಂತಿ ಎರಡೇ ಗಂಟೆಯಲ್ಲಿ ಜೀವ ಬಿಡಬಹುದು. 108ಕ್ಕೆ ಕರೆ ಮಾಡಲು ಸಿಗ್ನಲ್ ಸಿಗುವುದು ಮೇಲಿನ ಬಂಡೆಯ ಬಳಿ ಮಾತ್ರ. ಆದ್ದರಿಂದ ದಿನ ತುಂಬುವ ಮೊದಲೇ ಪೇಟೆಗೆ ಇಳಿಯಬೇಕು, ಅಕಸ್ಮಾತ್ ಮನೆಯಲ್ಲೇ ಹೆರಿಗೆಯಾದರೆ ಆಶಾ ಅಥವಾ ಸಿಸ್ಟರ್ ಕೊಟ್ಟಿರುವ, ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್, ಅಂದರೆ 200 ಮೈಕ್ರೋಗ್ರಾಂನ ಮೂರು ಮಾತ್ರೆಗಳನ್ನು, ಹೊಟ್ಟೆಯಲ್ಲಿ ಇನ್ನೊಂದು ಕೂಸಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ನುಂಗಿಸಬೇಕು ಎಂದು ಅಕ್ಕ ಬಿಡಿಸಿ ಹೇಳಿದಳು. ಆಕ್ಸಿಟೋಸಿನ್ ಚುಚ್ಚುಮದ್ದು ಇನ್ನೂ ಒಳ್ಳೆಯದೇ, ಆದರೆ ಅದನ್ನು ತಂಪಿನಲ್ಲಿ ಇಡಬೇಕು. ಕರೆಂಟು ಕೈಕೊಡುವ ಆ ಮನೆಗಳಲ್ಲಿ ಫ್ರಿಜ್ ಎಲ್ಲಿಂದ ತರುವುದು?

"ಮೊದಲೇ ಇಳಿ ಅಂತೀರಿ, ದನವನ್ನೂ ಮಕ್ಕಳನ್ನೂ ಯಾರು ನೋಡ್ತಾರೆ?" ಎಂದರು ಅಜ್ಜಿ. ಅಕ್ಕನಲ್ಲಿ ಉತ್ತರವಿರಲಿಲ್ಲ. "ನಾನೂ ಒಂದು ಸಲ ಜೊತೆಗೆ ಇಳಿದಿದ್ದೆ, ಬಾಗಿಲ ಹೊರಗೆ ಕೂರಿಸಿದರು. ಹುಡುಗಿ ಒಳಗೆ ಒಬ್ಬಳೇ ಕೂಗ್ತಿದ್ದಳು."

ಹೆರುವವಳ ಬಳಿ ಆಕೆ ಬಯಸಿದ ಒಬ್ಬರು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದು ಆಸ್ಪತ್ರೆಯ ಹೆರಿಗೆಗೆ ಒತ್ತು ಸಿಕ್ಕಿದ್ದು ಸರಿಯಾದದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಹೆಮ್ಮೆಪಟ್ಟ ನಾವು, ಉಳಿದ ಸೂಲಗಿತ್ತಿಯರನ್ನು ವರಾಂಡದ ಬೆಂಚಿನಲ್ಲಿ ಕೂರಿಸಿದ್ದು ನನಗೆ ಸಣ್ಣತನವಾಗಿ ಕಂಡಿತು.

ಎರಡನೆಯ ದಿನ ಅಕ್ಕ ಪಾಠವನ್ನು ಅಜ್ಜಿಗೇ ಬಿಟ್ಟಳು. ಅವರು ಆಶಾ ಕಾರ್ಯಕರ್ತೆಯರನ್ನು ಸಾಲಾಗಿ ಕೂರಿಸಿ, ಕಣ್ಣು ಮುಚ್ಚಿಸಿ, ಒಂದು ಕೈಗೆ ಒಣಬಟ್ಟೆ, ಇನ್ನೊಂದಕ್ಕೆ ನೆನೆದ ಬಟ್ಟೆ ಕೊಟ್ಟು ಲೋಟದ ಲೆಕ್ಕ ಕೇಳುತ್ತಾ ಹೋದರು. ಕೊನೆಗೆ ನನ್ನನ್ನೂ ಕರೆದರು. ಎರಡು ಸಲವೂ ನಾನು ಕಡಿಮೆಯೇ ಹೇಳಿದೆ.