ಅಷ್ಟು ದೂರ ನಡೆದು ಏನು ಸಿಕ್ಕಿತು?

"ಅಲ್ಲ ಮಾರಾಯ, ಬಿಸಿಲಲ್ಲಿ ಅಷ್ಟು ದೂರ ನಡೆದು ಏನು ಸಿಕ್ಕಿತು?" ಪ್ರತಿಭಟನೆಯ ಮೆರವಣಿಗೆಗೆ ಹೋಗಿ ಬಂದೆ ಅಂದರೆ ಸಾಕು, ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಮನೆ ಪಂಕ್ತಿಯಲ್ಲಿ ಕೇಳುತ್ತಾರೆ, ನಮ್ಮಮ್ಮನೂ ಕೇಳುತ್ತಾರೆ. ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಈ ಸಲ ಬರೆದೇ ಬಿಡುತ್ತೇನೆ.

2019ರ ತನಕ ನಾನೂ ಇದನ್ನೇ ಕೇಳುತ್ತಿದ್ದವನು. ಪೇಪರ್ ಓದುವುದು, ಬೈಯುವುದು, ಮಡಚಿಡುವುದು. "ಈ ದೇಶ ಉದ್ಧಾರ ಆಗಲ್ಲ ಬಿಡಿ" ಅನ್ನದೆ ಬೆಳಗಿನ ಕಾಫಿ ಇಳಿಯುತ್ತಿರಲಿಲ್ಲ. ಆ ಜನವರಿಯಲ್ಲಿ, ಮದ್ಯ ನಿಷೇಧ ಮಾಡಿ ಅಂತ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. 19ಕ್ಕೆ ಹೊರಟವರು 30ಕ್ಕೆ, ಗಾಂಧಿ ತೀರಿಕೊಂಡ ದಿನಕ್ಕೆ, ಬಂದು ಮುಟ್ಟಿದರು. ಸುಮಾರು 200 ಕಿಲೋಮೀಟರ್. ನಾನು ಸೇರಿಕೊಂಡದ್ದು ನೆಲಮಂಗಲದ ಹತ್ತಿರ. ಅದೂ ಅರ್ಧ ದಿನ ರಜೆ ಹಾಕಿ, ಸುಮ್ನೆ ನೋಡಿ ಬರೋಣ ಅಂತ.

ಮೊದಲ ಅರ್ಧ ಗಂಟೆ ಬಾಯಿಂದ ಘೋಷಣೆಯೇ ಹೊರಡಲಿಲ್ಲ. ಮುಂದಿನವರು "ಬೇಕೇ ಬೇಕು" ಅಂದರೆ ನಾವು "ನ್ಯಾಯ ಬೇಕು" ಅನ್ನಬೇಕು, ಅಷ್ಟೇ. ಸ್ಕೂಲ್ ಪ್ರಾರ್ಥನೆಯಲ್ಲಿ ಮಾಡುತ್ತಿದ್ದ ಹಾಗೆ ಬರೀ ತುಟಿ ಅಲ್ಲಾಡಿಸುತ್ತಿದ್ದೆ. ಪಕ್ಕದಲ್ಲಿ ರಾಯಚೂರು ಕಡೆಯ ಒಬ್ಬ ಅಜ್ಜಿ. ಹಿಮ್ಮಡಿಗೆ ಹಳೇ ಸೀರೆಯ ಚೂರು ಸುತ್ತಿದ್ದರು. ಹವಾಯಿ ಚಪ್ಪಲಿಯ ಉಂಗುಷ್ಟ ಕಿತ್ತಿದ್ದಕ್ಕೆ ಅಡಿಯಲ್ಲಿ ಪಿನ್ನು ಚುಚ್ಚಿದ್ದರು. ನೆರಳಿಗೆ ಕೂತಾಗ ಬುತ್ತಿ ಗಂಟು ಬಿಚ್ಚಿ, ಖಡಕ್ ರೊಟ್ಟಿ ಮುರಿದು, ಶೇಂಗಾ ಚಟ್ನಿಪುಡಿ ಹಾಕಿ ನನ್ನ ಕೈಗಿಟ್ಟರು.

"ಸರ್ಕಾರ ನಿಮ್ಮ ಮಾತು ಕೇಳುತ್ತಾ, ಅಮ್ಮ?" ಅಂದೆ.

"ಕೇಳ್ತೈತೋ ಬಿಡ್ತೈತೋ, ಯಾರಿಗ್ಗೊತ್ತಪಾ. ನನ್ನ ಮಗ ಅಂತೂ ಹನ್ನೊಂದು ದಿನದಿಂದ ತಾನ ರೊಟ್ಟಿ ಬಡಕೊಂಡು ತಿನ್ನಾಕತ್ಯಾನ!"

ಸುತ್ತ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಎದ್ದು ಹೊರಟಾಗ ನನ್ನ ದನಿ ತಾನಾಗಿಯೇ ಹೊರಟಿತ್ತು.

ಮದ್ಯ ನಿಷೇಧ ಆಯಿತಾ? ಇಲ್ಲ. ಅಬಕಾರಿ ದುಡ್ಡು ಬಿಡುವ ಧೈರ್ಯ ಆಮೇಲೂ ಕರ್ನಾಟಕದ ಯಾವ ಸರ್ಕಾರಕ್ಕೂ ಬಂದಿಲ್ಲ. ದಾರಿಯಲ್ಲಿ ಒಬ್ಬರು ಅಪಘಾತದಲ್ಲಿ ಜೀವವನ್ನೇ ಕಳೆದುಕೊಂಡರು. ಇದನ್ನೆಲ್ಲ ಮುಚ್ಚಿಟ್ಟು ಗೆದ್ದೆವು ಅನ್ನಲಾರೆ. ಆದರೆ ಆ ಕಾಫಿ ಮಾತು ಮಾತ್ರ ಆಮೇಲೆ ನನ್ನ ಬಾಯಿಗೆ ಬಂದಿಲ್ಲ. ಕೂಲಿ ಬಿಟ್ಟು 12 ದಿನ ನಡೆದವರನ್ನು ನೋಡಿದ ಮೇಲೆ, ತಿಂಗಳಾದರೆ ಸಂಬಳ ಎಣಿಸುವ ನಾನು ಕೂತಲ್ಲೇ ಆಸೆ ಬಿಡುವುದು ಬರೀ ಸೋಮಾರಿತನ ಅನ್ನಿಸಿತು.

ಗೆಲ್ಲುವುದೂ ಉಂಟು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಭೂಸ್ವಾಧೀನ ಬೇಡ ಅಂತ 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. 2025ರ ಜುಲೈ 15ಕ್ಕೆ ಸರ್ಕಾರ ಅದನ್ನು ಕೈಬಿಟ್ಟಿತು. 1,198 ದಿನ! ಆ ಹೋರಾಟದ ಕೊನೇ ದಿನಗಳಲ್ಲಿ ಫ್ರೀಡಂ ಪಾರ್ಕಿಗೆ ಹೋಗಿದ್ದೆ. (ಬೆಂಗಳೂರಿನಲ್ಲಿ ಈಗ ಬೇರೆಲ್ಲೂ ಪ್ರತಿಭಟನೆ ಮಾಡುವ ಹಾಗಿಲ್ಲ. ಹಳೇ ಜೈಲನ್ನು ಪಾರ್ಕ್ ಮಾಡಿ, ಕೂಗುವುದಿದ್ದರೆ ಇಲ್ಲೇ ಕೂಗಿ ಅಂದಿದ್ದಾರೆ. ನಗಬೇಕೋ ಅಳಬೇಕೋ.) ಗೆಲ್ಲುತ್ತೇವೆ ಅಂತ ಅವತ್ತು ಯಾರಿಗೂ ಖಾತ್ರಿ ಇರಲಿಲ್ಲ. ಕೊರಳಲ್ಲಿ ಕಂಪನಿ ಐಡಿ ಕಾರ್ಡ್ ನೇತುಹಾಕಿಕೊಂಡ ಹುಡುಗನೊಬ್ಬ ಪಕ್ಕದಲ್ಲಿ ನಿಂತಿದ್ದ. ಬರೀ ತುಟಿ ಅಲ್ಲಾಡಿಸುತ್ತಿದ್ದ.

"ಅಂಕಲ್, ಇದರಿಂದ ಏನಾದ್ರೂ ಆಗುತ್ತಾ?" ಅಂದ.

"ಗೊತ್ತಿಲ್ಲಪ್ಪ. ಕಡಲೆಕಾಯಿ ತಗೋ" ಅಂದೆ.