ಉಪ್ಪಿನ ಹಾದಿಯಲ್ಲಿ ಬಂದ ಧರ್ಮ

ಮಧ್ಯಯುಗದಲ್ಲಿ ಇಸ್ಲಾಂ ಹರಡಿದ ಬಗೆಯನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ದಂಡಯಾತ್ರೆಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಪಶ್ಚಿಮ ಆಫ್ರಿಕದ ಘಾನಾ, ಮಾಲಿ ಮತ್ತು ಸೊಂಘಾಯ್ ರಾಜ್ಯಗಳ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಕಂಡದ್ದು ಬೇರೆಯೇ ಚಿತ್ರ. ಅಲ್ಲಿ ಈ ಧರ್ಮ ಸಹರಾ ಮರುಭೂಮಿಯನ್ನು ದಾಟಿದ್ದು ಬಹುಪಾಲು ಒಂಟೆಗಳ ಸಾಲಿನೊಡನೆ, ಉಪ್ಪಿನ ಹೊರೆಗಳ ಜೊತೆಯಲ್ಲಿ. ಮೊದಲು ಬಂದು ನೆಲೆಸಿದವರು ವರ್ತಕರು, ಅವರ ಹಿಂದೆಯೇ ಓದುಬರಹ ಬಲ್ಲ ಪಂಡಿತರು. ಅಲ್ಲಿನ ಅರಸರು ಇಸ್ಲಾಮನ್ನು ಬರಮಾಡಿಕೊಂಡದ್ದರಲ್ಲಿ ಲೆಕ್ಕ, ಪತ್ರವ್ಯವಹಾರ ಮತ್ತು ನ್ಯಾಯತೀರ್ಮಾನದ ಅನುಕೂಲವೇ ಮುಂದಿತ್ತು, ನಂಬಿಕೆಯ ಮಾತು ಬಹಳ ಕಾಲ ಹಿಂದೆಯೇ ಉಳಿಯಿತು ಎಂಬುದು ನನ್ನ ತಿಳಿವಳಿಕೆ.

ಈ ಮಾತಿಗೆ ಆಧಾರ 11ನೆಯ ಶತಮಾನದಲ್ಲಿಯೇ ಸಿಗುತ್ತದೆ. ಸ್ಪೇನಿನ ಕಾರ್ಡೊಬಾದಲ್ಲಿದ್ದ ಅಲ್-ಬಕ್ರಿ ಎಂಬ ಭೂಗೋಳಕಾರ ತಾನು ಆ ನಾಡಿಗೆ ಕಾಲಿಡದೆ, ಹೋಗಿಬಂದವರನ್ನು ವಿಚಾರಿಸಿ, 1068ರಲ್ಲಿ ಘಾನಾ ರಾಜ್ಯದ ವರ್ಣನೆಯನ್ನು ಬರೆದ. (ಈ ಘಾನಾ ಇಂದಿನ ಘಾನಾ ದೇಶವಲ್ಲ, ಇಂದಿನ ಮಾರಿಟಾನಿಯಾದ ದಕ್ಷಿಣ ಮತ್ತು ಮಾಲಿಯ ಪಶ್ಚಿಮ ಭಾಗಗಳಲ್ಲಿದ್ದ ಹಳೆಯ ರಾಜ್ಯ.) ಆತ ಹೇಳುವಂತೆ ರಾಜಧಾನಿ ಎಂದರೆ ಎರಡು ಪಟ್ಟಣಗಳು. ಒಂದರಲ್ಲಿ ಮುಸ್ಲಿಮರು, ಅವರ ಹನ್ನೆರಡು ಮಸೀದಿಗಳು, ಇಮಾಮರು, ಧರ್ಮಶಾಸ್ತ್ರಜ್ಞರು. ಅಲ್ಲಿಂದ ಆರು ಮೈಲಿಯಾಚೆಗೆ ಅರಸನ ಪಟ್ಟಣ, ಅದರ ಸುತ್ತ ಪೂಜಾರಿಗಳು ಕಾಯುವ ದೇವರ ಬನಗಳು. ಅರಸ ಹಳೆಯ ಧರ್ಮದವನೇ ಆಗಿದ್ದರೂ ಅವನ ದುಭಾಷಿಗಳು, ಬೊಕ್ಕಸದ ಅಧಿಕಾರಿ ಮತ್ತು ಹೆಚ್ಚಿನ ಮಂತ್ರಿಗಳು ಮುಸ್ಲಿಮರಾಗಿದ್ದರು. ಆಸ್ಥಾನಕ್ಕೆ ಬಂದಾಗ ಅರಸನ ಧರ್ಮದವರು ಮಂಡಿಯೂರಿ ತಲೆಗೆ ಮಣ್ಣು ಸುರಿದುಕೊಂಡು ವಂದಿಸಬೇಕಿತ್ತು. ಮುಸ್ಲಿಮರು ಚಪ್ಪಾಳೆ ತಟ್ಟಿದರೆ ಸಾಕಾಗಿತ್ತು. ಇಂಥ ವಿನಾಯಿತಿಯನ್ನು ಕೊಡಬಲ್ಲ ಅರಸನಿಗೆ ತನ್ನ ಅಧಿಕಾರದ ಬಗ್ಗೆ ಅಳುಕೇನೂ ಇರಲಿಲ್ಲವೆಂದು ಕಾಣುತ್ತದೆ.

ಅವನಿಗೆ ಆ ವರ್ತಕರು ಬೇಕಾಗಿದ್ದ ಕಾರಣವೂ ಅದೇ ಬರಹದಲ್ಲಿದೆ. ರಾಜ್ಯದೊಳಕ್ಕೆ ಬರುವ ಪ್ರತಿ ಕತ್ತೆಹೊರೆ ಉಪ್ಪಿಗೆ ಒಂದು ಚಿನ್ನದ ದೀನಾರ್, ಅದೇ ಉಪ್ಪು ಹೊರಕ್ಕೆ ಹೋಗುವಾಗ ಎರಡು ದೀನಾರ್ ಸುಂಕ. ಗಣಿಯಲ್ಲಿ ಸಿಕ್ಕ ಚಿನ್ನದ ಗಟ್ಟಿಗಳೆಲ್ಲ ಅರಸನ ಪಾಲು, ಪುಡಿ ಚಿನ್ನ ಮಾತ್ರ ಜನರಿಗೆ. ತಿಂಗಳುಗಟ್ಟಲೆ ಮರಳಿನಲ್ಲಿ ನಡೆದು ಅಪರಿಚಿತ ಊರಿಗೆ ಬಂದು ಸಾಲದ ಮೇಲೆ ಸರಕು ಕೊಡುವವನಿಗೆ, ಆಚೆ ತುದಿಯಲ್ಲಿರುವವನು ತನ್ನಂತೆಯೇ ಬರೆಯುತ್ತಾನೆ, ಜಗಳವಾದರೆ ಇಬ್ಬರೂ ಒಪ್ಪುವ ಕಾನೂನಿನ ಮುಂದೆ ನಿಲ್ಲುತ್ತಾನೆ ಎಂಬ ಭರವಸೆಗಿಂತ ದೊಡ್ಡ ಬಂಡವಾಳವಿರಲಿಲ್ಲ. ಇಸ್ಲಾಂ ಆ ಭರವಸೆಯನ್ನು ಒದಗಿಸಿತು. ವಾಂಗಾರಾ ಎಂದು ಕರೆಯಲ್ಪಡುವ ಸ್ಥಳೀಯ ವರ್ತಕರು ಮತಾಂತರ ಹೊಂದಿ, ಸಹರಾದ ಅಂಚಿನಿಂದ ದಕ್ಷಿಣದ ಕಾಡುಗಳವರೆಗೆ ತಮ್ಮ ಕೇರಿಗಳನ್ನು ಕಟ್ಟಿಕೊಂಡರು. ಅನ್ಯಧರ್ಮೀಯ ಅರಸನ ಕೆಳಗೆ ಮುಸ್ಲಿಮನು ನೆಮ್ಮದಿಯಾಗಿ ಬಾಳಬಹುದು, ಇತರರನ್ನು ಬಲವಂತದಿಂದ ಮತಾಂತರಿಸುವುದು ಅವನ ಕೆಲಸವಲ್ಲ ಎಂಬ ಬೋಧನೆಯೊಂದು ಈ ವರ್ತಕ ಪಂಡಿತರ ನಡುವೆಯೇ ರೂಪುಗೊಂಡಿತು; ಅದನ್ನು ಅಲ್-ಹಾಜ್ ಸಾಲಿಮ್ ಸುವಾರಿ ಎಂಬ ಗುರುವಿನ ಹೆಸರಿನೊಡನೆ ಜೋಡಿಸುತ್ತಾರೆ.

ಅರಸರು ಧರ್ಮ ಬದಲಿಸಿದ ಕಡೆಯೂ ಪ್ರಜೆಗಳು ಹಿಂಬಾಲಿಸಲಿಲ್ಲ. ಮಲಲ್ ಎಂಬ ಸಣ್ಣ ರಾಜ್ಯದಲ್ಲಿ ಬರಗಾಲ ಬಿದ್ದು, ಎತ್ತುಗಳ ಬಲಿ ಕೊಟ್ಟರೂ ಮಳೆ ಬಾರದಿದ್ದಾಗ, ಅರಸನು ತನ್ನ ಮುಸ್ಲಿಂ ಅತಿಥಿಯೊಡನೆ ರಾತ್ರಿಯಿಡೀ ಪ್ರಾರ್ಥಿಸಿದನೆಂದೂ, ಬೆಳಗಾಗುವಾಗ ಮಳೆ ಸುರಿಯಿತೆಂದೂ, ಅವನೂ ಅವನ ಮನೆತನದವರೂ ಇಸ್ಲಾಮನ್ನು ಸ್ವೀಕರಿಸಿದರೆಂದೂ ಅಲ್-ಬಕ್ರಿ ಹೇಳುತ್ತಾನೆ. ಆದರೆ ನಾಡಿನ ಸಾಮಾನ್ಯರು ಹಳೆಯ ದೇವರನ್ನೇ ಪೂಜಿಸುತ್ತಿದ್ದರೆಂಬ ಮಾತನ್ನೂ ಆತ ಬಿಡದೆ ಸೇರಿಸುತ್ತಾನೆ. ಮಳೆಯ ಕಥೆಗಿಂತ ಆ ಕೊನೆಯ ವಾಕ್ಯವೇ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ.

ಮಾಲಿಯ ಅರಸ ಮಾನ್ಸಾ ಮೂಸಾನ ವಿಷಯ ಈಗ ಎಲ್ಲರಿಗೂ ಗೊತ್ತು. 1324ರಲ್ಲಿ ಹಜ್ ಯಾತ್ರೆಗೆಂದು ಹೊರಟು ಕೈರೋದಲ್ಲಿ ಅವನು ಚೆಲ್ಲಿದ ಚಿನ್ನದಿಂದ ಅಲ್ಲಿನ ಚಿನ್ನದ ಬೆಲೆಯೇ ಕುಸಿಯಿತು. ಹನ್ನೆರಡು ವರ್ಷ ಕಳೆದರೂ ಅದು ಮೊದಲಿನ ಮಟ್ಟಕ್ಕೆ ಏರಿರಲಿಲ್ಲವೆಂದು ಆ ಕಾಲದ ಅರಬ್ ಬರಹಗಾರ ಅಲ್-ಉಮರಿ ಬರೆದಿದ್ದಾನೆ. ಮೂಸಾನನ್ನು ಲೋಕದ ಅತಿ ಶ್ರೀಮಂತನೆಂದು ಇಂದಿನ ಹಣಕ್ಕೆ ಲೆಕ್ಕ ಹಾಕುವ ಆಟ ನನಗೆ ರುಚಿಸುವುದಿಲ್ಲ. ಅಲ್-ಉಮರಿ ದಾಖಲಿಸಿದ ಇನ್ನೆರಡು ಸಂಗತಿಗಳು ಹೆಚ್ಚು ಬೆಲೆಬಾಳುತ್ತವೆ. ಪ್ರಜೆಗಳ ಚೆಲುವೆಯಾದ ಹೆಣ್ಣುಮಕ್ಕಳನ್ನು ಮದುವೆಯಿಲ್ಲದೆ ಅರಸನಿಗೆ ಒಪ್ಪಿಸುವ ರೂಢಿ ಮಾಲಿಯಲ್ಲಿತ್ತು. ಇದು ಮುಸ್ಲಿಮನಿಗೆ ಸಲ್ಲದೆಂದು ಕೈರೋದಲ್ಲಿ ತಿಳಿದಾಗ ಮೂಸಾ, ‘ಅರಸರಿಗೂ ಸಲ್ಲದೆ?’ ಎಂದು ಕೇಳಿದ. ಅರಸರಿಗೂ ಸಲ್ಲದು, ಪಂಡಿತರನ್ನು ಕೇಳಿ ನೋಡು ಎಂಬ ಉತ್ತರ ಬಂದಾಗ, ತನಗೆ ತಿಳಿದಿರಲಿಲ್ಲ, ಇನ್ನು ಮುಂದೆ ಬಿಟ್ಟೆ ಎಂದ. ಅರಸನ ಇಚ್ಛೆಗೂ ಮೇಲೆ ಬರಹದಲ್ಲಿರುವ ಒಂದು ಕಟ್ಟಳೆ ಇದೆ ಎಂಬ ಅರಿವು ಆ ಆಸ್ಥಾನಕ್ಕೆ ಹೊಸದು. ಎರಡನೆಯದು ಇದಕ್ಕೆ ತದ್ವಿರುದ್ಧ. ಚಿನ್ನದ ಗಣಿಗಳ ಜನರನ್ನು ಇಸ್ಲಾಮಿಗೆ ತಂದಲ್ಲೆಲ್ಲ ಚಿನ್ನದ ಉತ್ಪತ್ತಿ ಇಳಿದುಹೋಗುತ್ತದೆಂದು ಅನುಭವದಿಂದ ಕಂಡುಕೊಂಡ ಮಾಲಿಯ ಅರಸರು, ಆ ಜನರನ್ನು ಅವರ ಹಳೆಯ ಧರ್ಮದಲ್ಲಿಯೇ ಬಿಟ್ಟು ಕಪ್ಪ ವಸೂಲಿ ಮಾಡುತ್ತಿದ್ದರಂತೆ. ಶಾಸ್ತ್ರಕ್ಕೆ ತಲೆಬಾಗಿ ರೂಢಿ ಬಿಟ್ಟವರೂ, ಬೊಕ್ಕಸ ನೋಡಿ ಧರ್ಮಪ್ರಚಾರ ಬಿಟ್ಟವರೂ ಒಂದೇ ಆಸ್ಥಾನದವರು.

ಮೂಸಾನ ತಮ್ಮ ಸುಲೈಮಾನ್ ಆಳುತ್ತಿದ್ದಾಗ, 1352ರಲ್ಲಿ ಇಬ್ನ್ ಬತೂತಾ ಮಾಲಿಗೆ ಬಂದ. ಅರಸ ಸ್ವಾಗತದ ಕಾಣಿಕೆ ಕಳಿಸಿದ್ದಾನೆಂದು ಕೇಳಿ, ಉಡುಗೊರೆಯ ಉಡುಪೂ ಹಣವೂ ಬಂದಿರಬೇಕೆಂದು ಎದ್ದು ನಿಂತವನಿಗೆ ಸಿಕ್ಕಿದ್ದು ಮೂರು ರೊಟ್ಟಿ, ಹುರಿದ ಒಂದು ತುಂಡು ದನದ ಮಾಂಸ, ಒಂದು ಸೋರೆಬುರುಡೆ ಮೊಸರು. ಆ ಮುನಿಸು ಅವನ ಬರಹದಲ್ಲಿ ಅಲ್ಲಲ್ಲಿ ಇಣುಕುತ್ತದೆ ಎಂಬುದನ್ನು ಮರೆಯದೆ ಓದಿದರೆ, ಅವನಷ್ಟು ಹತ್ತಿರದಿಂದ ಆ ಸಮಾಜವನ್ನು ತೋರಿಸಿದ ಬೇರೊಬ್ಬ ಪ್ರವಾಸಿಯಿಲ್ಲ. ಅಲ್ಲಿನ ನ್ಯಾಯವನ್ನೂ ದಾರಿಗಳ ಸುರಕ್ಷಿತತೆಯನ್ನೂ ಆತ ಹೊಗಳುತ್ತಾನೆ. ಶುಕ್ರವಾರ ಮಸೀದಿಯಲ್ಲಿ ಎಷ್ಟು ಜನಸಂದಣಿಯೆಂದರೆ, ಬೇಗ ಹೋಗದವನಿಗೆ ಜಾಗ ಸಿಗದು. ಅದಕ್ಕಾಗಿ ಪ್ರತಿಯೊಬ್ಬನೂ ಚಾಪೆ ಕೊಟ್ಟು ಆಳನ್ನು ಮುಂಚೆಯೇ ಕಳಿಸಿ ಸ್ಥಳ ಹಿಡಿಸುತ್ತಿದ್ದ. ಕುರ್‌ಆನ್ ಬಾಯಿಪಾಠ ಮಾಡದ ಮಕ್ಕಳ ಕಾಲಿಗೆ ಸಂಕೋಲೆ ಹಾಕುತ್ತಿದ್ದರು. ಹಬ್ಬದ ದಿನವೂ ಖಾಜಿಯ ಮಕ್ಕಳು ಸಂಕೋಲೆಯಲ್ಲಿದ್ದುದನ್ನು ಆತ ಕಂಡ.

ಅದೇ ಜನ ಆತನನ್ನು ಬೆಚ್ಚಿಬೀಳಿಸಿದ್ದೂ ಉಂಟು. ಮರುಭೂಮಿಯ ಅಂಚಿನ ವಲಾತಾ ಪಟ್ಟಣದಲ್ಲಿ ಗಂಡಸಿನ ಆಸ್ತಿ ಅವನ ಮಕ್ಕಳಿಗಲ್ಲದೆ ಅಕ್ಕತಂಗಿಯರ ಮಕ್ಕಳಿಗೆ ಸೇರುತ್ತಿತ್ತು. ಇಂಥದ್ದನ್ನು ತಾನು ಭಾರತದ ಮಲಬಾರಿನಲ್ಲಲ್ಲದೆ ಬೇರೆಲ್ಲೂ ನೋಡಿಲ್ಲ, ಆದರೆ ಅಲ್ಲಿಯವರು ಮುಸ್ಲಿಮರಲ್ಲ, ಇವರಾದರೋ ನಮಾಜು ತಪ್ಪಿಸದೆ ಶಾಸ್ತ್ರ ಓದಿದವರು ಎಂದು ಆತ ಬೆರಗಾಗುತ್ತಾನೆ. ಅಳಿಯಸಂತಾನವನ್ನು ಬಲ್ಲ ಕನ್ನಡ ಓದುಗರಿಗೆ ಆ ವ್ಯವಸ್ಥೆ ವಿಚಿತ್ರವೆನಿಸದು; ಆತನಿಗೆ ಮಾತ್ರ ಅದು ಶಾಸ್ತ್ರದ ನೇರ ಉಲ್ಲಂಘನೆ. ಹಜ್ ಮಾಡಿಬಂದ ಖಾಜಿಯ ಮನೆಗೆ ಹೋದರೆ ಅಲ್ಲೊಬ್ಬ ತರುಣಿ ಕುಳಿತಿದ್ದಳು. ಇವನು ಹಿಂದೆ ಸರಿಯಲು ಹೋದಾಗ ಅವಳು ನಕ್ಕಳು, ಖಾಜಿ ಅವಳು ತನ್ನ ಗೆಳತಿ ಎಂದ. ರಾಜಧಾನಿಯಲ್ಲಿ, ಹಬ್ಬದ ದಿನದಂದು, ಗರಿಗಳ ವೇಷ ತೊಟ್ಟು ಕೆಂಪು ಕೊಕ್ಕಿನ ಹಕ್ಕಿಯ ಮುಖವಾಡ ಧರಿಸಿದ ಹೊಗಳುಭಟರು ಅರಸನ ಮುಂದೆ ನಿಂತು, ಈ ಪೀಠದಲ್ಲಿ ಹಿಂದೆ ಇಂಥಿಂಥ ಅರಸ ಕುಳಿತು ಇಂಥಿಂಥ ಸತ್ಕಾರ್ಯ ಮಾಡಿದ, ನೀನೂ ಹೆಸರು ಉಳಿಯುವಂಥದ್ದನ್ನು ಮಾಡು ಎಂದು ಹಾಡುತ್ತಿದ್ದರು. ಇಸ್ಲಾಮಿಗೂ ಮುಂಚಿನಿಂದ ಬಂದ ಪದ್ಧತಿಯಿದು ಎಂದು ಆತನಿಗೆ ಹೇಳಿದರಂತೆ. ‘ಜಾಲಿ’ ಎಂದು ಕರೆಯಲ್ಪಡುವ ಈ ಗಾಯಕರ ಪರಂಪರೆ ಇಂದಿಗೂ ಜೀವಂತವಾಗಿದೆ. ಅವರ ಹಾಡಿನಲ್ಲಿ ಮಾಲಿಯ ಕೈಟಾ ರಾಜವಂಶದ ಮೂಲಪುರುಷ ಪ್ರವಾದಿಯವರ ಸಂಗಡಿಗನಾಗಿದ್ದ ಬಿಲಾಲ್. ಹೊಸ ಧರ್ಮ ಹಳೆಯ ಹಾಡನ್ನು ಅಳಿಸುವ ಬದಲು ಹಾಡೇ ಹೊಸ ಧರ್ಮವನ್ನು ತನ್ನ ವಂಶಾವಳಿಯೊಳಗೆ ಸೇರಿಸಿಕೊಂಡಿತು.

ಪಟ್ಟಣಗಳಲ್ಲಿ ಬದಲಾವಣೆ ಇನ್ನೂ ಆಳವಾಗಿತ್ತು, ಅದಕ್ಕೆ ಕಾರಣ ಪುಸ್ತಕ. 16ನೆಯ ಶತಮಾನದ ಆರಂಭದಲ್ಲಿ ಸಹರಾದ ದಕ್ಷಿಣ ಅಂಚಿನ ಟಿಂಬಕ್ಟು ಪಟ್ಟಣಕ್ಕೆ ಹೋಗಿದ್ದ ಪ್ರವಾಸಿ ಲಿಯೋ ಆಫ್ರಿಕಾನಸ್, ಅಲ್ಲಿ ಬೇರೆ ಯಾವ ಸರಕಿಗಿಂತಲೂ ಹಸ್ತಪ್ರತಿಗಳ ಮಾರಾಟದಿಂದ ಹೆಚ್ಚು ಲಾಭವಿದೆ ಎಂದು ಬರೆದ. ಸಂಕೋರೆ ಮಸೀದಿಯ ಸುತ್ತ ಬೆಳೆದ ವಿದ್ಯಾಕೇಂದ್ರವನ್ನು ಇಂದು ವಿಶ್ವವಿದ್ಯಾಲಯ ಎನ್ನುವುದುಂಟು. ವಾಸ್ತವದಲ್ಲಿ ಅದು ಗುರುಗಳ ಮನೆಯಂಗಳದಲ್ಲಿ, ಒಬ್ಬ ಗುರು ಒಂದು ಗ್ರಂಥದಂತೆ ನಡೆಯುತ್ತಿದ್ದ ಪಾಠ. ಮುಹಮ್ಮದ್ ಬಗಯೋಗೊ ಎಂಬ ಪಂಡಿತ ಎಷ್ಟೇ ಅಪರೂಪದ ಗ್ರಂಥವಾದರೂ ಕೇಳಿದವರಿಗೆಲ್ಲ ಎರವಲು ಕೊಡುತ್ತಿದ್ದನೆಂದು ಅವನ ಶಿಷ್ಯ ಅಹ್ಮದ್ ಬಾಬಾ ನೆನೆಯುತ್ತಾನೆ. (ಪುಸ್ತಕ ಎರವಲು ಕೊಟ್ಟು ಕಳೆದುಕೊಂಡವರಿಗೆ ಇದರ ಮಹತ್ವ ಅರ್ಥವಾದೀತು.)

ಪಂಡಿತರಿಗೆ ಇಷ್ಟು ಬಲ ಬಂದ ಮೇಲೆ ಅರಸರಿಗೆ ಅವರನ್ನು ಕೇವಲ ಕರಣಿಕರಂತೆ ನಡೆಸಿಕೊಳ್ಳುವುದು ಸಾಧ್ಯವಾಗಲಿಲ್ಲ. 1468ರಲ್ಲಿ ಟಿಂಬಕ್ಟುವನ್ನು ಗೆದ್ದ ಸೊಂಘಾಯ್‌ನ ಸೊನ್ನಿ ಅಲಿ ಅಲ್ಲಿನ ಪಂಡಿತರನ್ನು ಹಿಂಸಿಸಿದ. ಅವರು ಬರೆದ ಚರಿತ್ರೆಯಲ್ಲಿ ಅವನು ಕ್ರೂರಿಯಾಗಿಯೇ ಉಳಿದ. 1493ರಲ್ಲಿ ಅವನ ಮಗನಿಂದ ಪಟ್ಟ ಕಿತ್ತುಕೊಂಡ ಅಸ್ಕಿಯಾ ಮುಹಮ್ಮದ್‌ಗೆ ರಕ್ತಸಂಬಂಧದ ಹಕ್ಕಿರಲಿಲ್ಲ. ಆತ ಕೆಲವೇ ವರ್ಷಗಳಲ್ಲಿ ಹಜ್‌ಗೆ ಹೋದ, ಪಂಡಿತರಿಗೆ ದಾನದತ್ತಿ ಕೊಟ್ಟ, ಉತ್ತರದ ಶಾಸ್ತ್ರಜ್ಞ ಅಲ್-ಮಗೀಲಿಗೆ ರಾಜ್ಯಭಾರದ ಬಗ್ಗೆ ಪ್ರಶ್ನೆಗಳನ್ನು ಕೇಳಿ ಲಿಖಿತ ಉತ್ತರ ಪಡೆದ. ಘಾನಾದಲ್ಲಿ ಅರಸನಿಗೆ ನೆರವಾಗಿದ್ದ ವಿದ್ಯೆ ಇಲ್ಲಿ ಅರಸನಾರೆಂದು ತೀರ್ಮಾನಿಸುವ ವಿದ್ಯೆಯಾಗಿತ್ತು.

ಈ ಪಂಡಿತರು ಎತ್ತಿಹಿಡಿದ ಇಸ್ಲಾಮಿನ ಕಾನೂನಿನ ಕರಾಳ ಮುಖ ಗುಲಾಮರ ವ್ಯಾಪಾರದಲ್ಲಿ ಕಾಣುತ್ತದೆ. ಚಿನ್ನ ಸಾಗಿದ ದಾರಿಯಲ್ಲೇ ಮನುಷ್ಯರೂ ಉತ್ತರಕ್ಕೆ ಸಾಗಿಸಲ್ಪಟ್ಟರು. ಇಸ್ಲಾಂ ಬರುವ ಮುನ್ನವೂ ಗುಲಾಮಗಿರಿ ಇತ್ತಾದರೂ ಸಹರಾದಾಚೆಯ ಬೇಡಿಕೆ ಅದನ್ನು ಬೆಳೆಸಿತು. 1591ರಲ್ಲಿ ಮೊರೊಕ್ಕೊದ ಸೈನ್ಯ ಕೋವಿಗಳೊಡನೆ ಮರುಭೂಮಿ ದಾಟಿ ಬಂದು ಸೊಂಘಾಯ್ ರಾಜ್ಯವನ್ನು ಮುರಿಯಿತು. ಮುಸ್ಲಿಮರ ಮೇಲೆ ಮುಸ್ಲಿಮರೇ ನಡೆಸಿದ ಆ ದಾಳಿಯ ನಂತರ ಅಹ್ಮದ್ ಬಾಬಾನನ್ನು ಸೆರೆಹಿಡಿದು ಮರಾಕೇಶಕ್ಕೆ ಒಯ್ದರು. ತನ್ನಿಂದ 1600 ಪುಸ್ತಕಗಳನ್ನು ಕಸಿದರೆಂದೂ, ಬಂಧುಗಳ ಪೈಕಿ ತನ್ನದೇ ಅತಿ ಚಿಕ್ಕ ಸಂಗ್ರಹವೆಂದೂ ಆತ ಅಲ್ಲಿ ದೂರಿದ. ಬಿಡುಗಡೆಯಾಗಿ ಊರಿಗೆ ಮರಳಿದ ಮೇಲೆ, 1615ರ ವೇಳೆಗೆ, ಯಾರನ್ನು ಗುಲಾಮರನ್ನಾಗಿ ಮಾಡಬಹುದು ಎಂಬ ಪ್ರಶ್ನೆಗೆ ಉತ್ತರ ಬರೆದ. ಕಪ್ಪು ಮೈಬಣ್ಣ ಗುಲಾಮಗಿರಿಗೆ ಕಾರಣವಾಗದು, ಸ್ವತಂತ್ರ ಮುಸ್ಲಿಮನನ್ನು ಮಾರುವಂತಿಲ್ಲ ಎಂದು ಅವನು ಸ್ಪಷ್ಟವಾಗಿ ಹೇಳಿದ. ಆದರೆ ಧರ್ಮದ ಹೊರಗಿದ್ದವರಿಗೆ ಆ ತರ್ಕ ರಕ್ಷಣೆ ಕೊಡಲಿಲ್ಲ. ಬೋರ್ನು, ಕಾನೊ, ಸೊಂಘಾಯ್ ಜನರನ್ನು ಮುಸ್ಲಿಮರೆಂದೂ, ಮೋಸಿ, ಗುರ್ಮಾ, ಬೋಬೊ ಮತ್ತು ಯೊರುಬಾ ಜನರನ್ನು ಮುಸ್ಲಿಮರಲ್ಲವೆಂದೂ ಅವನು ಅದೇ ಉತ್ತರದಲ್ಲಿ ಹೆಸರು ಹಿಡಿದು ವಿಂಗಡಿಸಿಟ್ಟ.